ನಾನು ಹೇಳದೆ ಉಳಿದ ಹೆಸರು

ಮಂತ್ರ, ಮಾಯೆ ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಈಗ ಇದೆಯೇ ಎಂದು ನೀವು ಕೇಳಿದರೆ ಸ್ವಲ್ಪ ತಡವರಿಸುತ್ತೇನೆ. ಕಾರ್ಕಳದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು ನಾನು. ದೇವರಿಗೆ ಕೈ ಮುಗಿಯುತ್ತೇನೆ, ಅಷ್ಟೇ. ಅದರಾಚೆಗಿನದೆಲ್ಲ ಕೆಲಸವಿಲ್ಲದವರ ಮಾತು ಎಂದುಕೊಂಡಿದ್ದೆ.

ನನ್ನ ತಮ್ಮ ಪ್ರವೀಣ ಹಾಗಲ್ಲ. ಅವನು ಹೆಜಮಾಡಿಯಲ್ಲಿ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಾನೆ, ಕಾಪುವಿನ ಮನೆಯಲ್ಲಿ ಅಮ್ಮನ ಜೊತೆಗಿದ್ದಾನೆ. ಇಂಗ್ಲಿಷಿನ ದಪ್ಪ ದಪ್ಪ ಮಾಯಾಲೋಕದ ಕಾದಂಬರಿಗಳೆಂದರೆ ಅವನಿಗೆ ಪ್ರಾಣ. ಅವನ ಎಲ್ಲ ಪುಸ್ತಕಗಳಲ್ಲೂ ಎಂಜಿನ್ ಆಯಿಲಿನ ಬೆರಳಚ್ಚು. ಮೂವತ್ತು ವರ್ಷದವನು ಹಾರುವ ಕುದುರೆಯ ಕತೆ ಓದುವುದು ನೋಡಿ ನಾನು ತಮಾಷೆ ಮಾಡುತ್ತಿದ್ದೆ. "ಉಂಟು ಅಂತ ನಂಬಿ ಓದಬೇಕು ಅಕ್ಕ. ಇಲ್ಲದಿದ್ದರೆ ಓದುವುದು ಎಂತಕ್ಕೆ?" ಎನ್ನುತ್ತಿದ್ದ.

ನಾಲ್ಕು ವರ್ಷದ ಹಿಂದಿನ ಮಾತು. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಹೊತ್ತು, ಅವನಿಗೆ ಕೈತುಂಬ ಕೆಲಸ. ಜ್ವರ ಬಂದರೂ ಮಾತ್ರೆ ನುಂಗಿಕೊಂಡು ದುಡಿದ. ಐದನೆಯ ದಿನ ಕಣ್ಣು ಹಳದಿಯಾಯಿತು. ಮಣಿಪಾಲಕ್ಕೆ ಕರೆದುಕೊಂಡು ಹೋದಾಗ ಇಲಿಜ್ವರ ಎಂದರು. ಮರುದಿನ ಶ್ವಾಸಕೋಶಕ್ಕೂ ತಗಲಿತು. ಗಂಟಲಿಗೆ ನಳಿಗೆ ಹಾಕಿ, ಎಚ್ಚರವಾಗದಂತೆ ಔಷಧಿ ಕೊಟ್ಟು, ಯಂತ್ರದಿಂದ ಉಸಿರಾಡಿಸತೊಡಗಿದರು.

ಅಮ್ಮ ಅಂಬಲಪಾಡಿಯ ದೇವಿಗೆ ಹರಕೆ ಹೊತ್ತರು. ಒಳಗೆ ಹೋಗಿ ಅವನನ್ನು ನೋಡುವ ಧೈರ್ಯ ಅವರಿಗಿರಲಿಲ್ಲ. ನನ್ನ ಗಂಡ ಮಸ್ಕತ್ತಿನಲ್ಲಿ. ಹಾಗಾಗಿ ದಿನಾ ಶಾಲೆ ಬಿಟ್ಟು ಬಸ್ಸು ಹಿಡಿದು ಬರುವವಳು ನಾನೇ. ಸಂಜೆ ಅರ್ಧ ಗಂಟೆ ಮಾತ್ರ ಒಳಗೆ ಬಿಡುತ್ತಿದ್ದರು. ಕೇಳಿಸಿದರೂ ಕೇಳಿಸೀತು, ಏನಾದರೂ ಮಾತಾಡಿ ಎಂದು ನರ್ಸ್ ಹೇಳಿದಳು. ಆದರೆ ಏನು ಮಾತಾಡುವುದು? ಹೆಸರು ಹಿಡಿದು ಕರೆದರೆ ಅಳು ಬರುತ್ತಿತ್ತು. ಅವನ ಚೀಲದಲ್ಲಿ ಅರ್ಧ ಓದಿ ಪುಟ ಮಡಚಿಟ್ಟ ಒಂದು ಪುಸ್ತಕವಿತ್ತು. ಮಡಚಿದ ಪುಟದಿಂದ ಶುರು ಮಾಡಿದೆ. ಇಂಗ್ಲಿಷಿನಲ್ಲಿ ಓದಿಕೊಂಡು, ನಮ್ಮ ಮನೆಮಾತಾದ ತುಳುವಿನಲ್ಲಿ ಹೇಳುತ್ತಿದ್ದೆ.

ದೋಣಿ ನಡೆಸುವ ಹುಡುಗಿಯೊಬ್ಬಳು ಕಡಲಿನಲ್ಲಿ ಕಳೆದುಹೋದ ಅಣ್ಣನನ್ನು ಹುಡುಕಿಕೊಂಡು ಹೋಗುವ ಕತೆ ಅದು. ರಾತ್ರಿ ಮುಂದಿನ ಪುಟಗಳನ್ನು ಓದಿಟ್ಟುಕೊಂಡು, ಸಂಜೆ ಅವನಿಗೆ ಹೇಳುವೆ. ಐದು ದಿನಕ್ಕೆ ಪುಸ್ತಕ ಮುಗಿಯಿತು, ಕತೆ ಮುಗಿಯಲಿಲ್ಲ. ಹುಡುಗಿ ಒಂದು ಕಲ್ಲಿನ ಬಾಗಿಲ ಮುಂದೆ ನಿಂತಿದ್ದಾಳೆ, ಮುಂದಿನದು ಎರಡನೆಯ ಭಾಗದಲ್ಲಿ. ಉಡುಪಿಯ ಅಂಗಡಿಗಳಲ್ಲಿ ಅದು ಸಿಗಲಿಲ್ಲ.

ಮರುದಿನ ಬಸ್ಸಿನಲ್ಲಿ ನನಗೆ ಒಂದೇ ಯೋಚನೆ. ಇವತ್ತು ಕತೆ ನಿಂತರೆ ಅವನೂ ನಿಂತುಬಿಡುತ್ತಾನೆ ಎಂಬ ಹೆದರಿಕೆ ಹೇಗೋ ಹೊಕ್ಕಿತ್ತು. ಗಣಿತದ ಟೀಚರಿಗೆ ಬರಬೇಕಾದ ಹೆದರಿಕೆಯಲ್ಲ ಎಂದು ಗೊತ್ತಿದ್ದರೂ ಎದೆ ಕೇಳಲಿಲ್ಲ. ಹಿರಿಯಡ್ಕ ದಾಟುವಷ್ಟರಲ್ಲಿ ನಾನೇ ಮುಂದಿನದನ್ನು ಕಟ್ಟಿದೆ. ಬಾಗಿಲು ಕಾಯುವ ಮುದುಕಿ ಹುಡುಗಿಯನ್ನು ಕೇಳುತ್ತಾಳೆ, ಇದುವರೆಗೆ ಯಾರೂ ಬಾಯಿಬಿಟ್ಟು ಕರೆಯದ ಒಂದು ಹೆಸರು ಕೊಡು, ಬಾಗಿಲು ತೆರೆಯುತ್ತೇನೆ ಎಂದು. ಹುಡುಗಿ ಯಾವ ಹೆಸರು ಕೊಡಬೇಕು? ನನಗೆ ಹೊಳೆದದ್ದು ಒಂದೇ.

ಆ ಹೆಸರಿನ ವಿಷಯ ಹೇಳಬೇಕು. ಅದಕ್ಕೂ ಎರಡು ವರ್ಷ ಮೊದಲು ಐದು ತಿಂಗಳಲ್ಲಿ ನನ್ನ ಬಸಿರು ಇಳಿದುಹೋಗಿತ್ತು. ಹೆಣ್ಣಾದರೆ ಇಬ್ಬನಿ ಎಂದು ಹೆಸರಿಡಬೇಕೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಗಂಡನಿಗೂ ಹೇಳಿರಲಿಲ್ಲ, ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಆ ಸಂಜೆ ಒಳಗೆ ಹೋದಾಗ ಪ್ರವೀಣನ ಮುಖ ಊದಿತ್ತು. ಕೈ ಹಿಡಿದು ಕತೆ ಶುರು ಮಾಡಿದೆ. ಹುಡುಗಿ ಬಾಗಿಲು ತಟ್ಟಿದಳು, ಮುದುಕಿ ಬಂದಳು, "ಒಂದು ಹೆಸರು ಕೊಡು" ಎಂದಳು. ಅಷ್ಟರಲ್ಲಿ ಯಂತ್ರ ಕೂಗತೊಡಗಿತು. ಪರದೆಯ ಮೇಲೆ ಆಮ್ಲಜನಕದ ಅಂಕಿ ತೊಂಬತ್ತರಿಂದ ಎಂಬತ್ತಕ್ಕೆ, ಎಪ್ಪತ್ತಕ್ಕೆ ಇಳಿಯಿತು. ನರ್ಸ್ ಓಡಿ ಬಂದು ನನ್ನ ಭುಜ ಹಿಡಿದು ಹೊರಗೆ ಕಳಿಸಿದಳು. ಬಾಗಿಲು ಮುಚ್ಚಿತು.

ಹೊರಗೆ ಕುರ್ಚಿಯಲ್ಲಿ ಕೂತೆ. ಅಮ್ಮ ನನ್ನ ಸೆರಗು ಹಿಡಿದುಕೊಂಡರು. ಡಾಕ್ಟರುಗಳು ಒಳಗೆ ಹೋದರು, ಬಂದರು, ಮತ್ತೆ ಹೋದರು. ಆ ಹೆಸರು ಮಾತ್ರ ನನ್ನ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಉಗುಳಲೂ ಇಲ್ಲ, ನುಂಗಲೂ ಇಲ್ಲ. ಬಾಯಿ ಬಿಗಿಹಿಡಿದು ಅದನ್ನೇ ನೆನೆದೆ, ನೂರು ಸಲ, ಸಾವಿರ ಸಲ. ಎಂಟು ಗಂಟೆಗೆ ಡಾಕ್ಟರು ಹೊರಗೆ ಬಂದು, ಸದ್ಯಕ್ಕೆ ಹತೋಟಿಗೆ ಬಂದಿದೆ, ನಾಳೆಯವರೆಗೆ ಏನೂ ಹೇಳಲಾಗದು ಎಂದರು.

ಮರುದಿನ ಒಳಗೆ ಬಿಡಲಿಲ್ಲ. ಅದರ ಮರುದಿನವೂ ಇಲ್ಲ. ಆದರೆ ಅಂಕಿಗಳು ಮೆಲ್ಲನೆ ಏರಿದವು. ನಾಲ್ಕನೆಯ ದಿನ ನಳಿಗೆ ತೆಗೆದರು. ಆರನೆಯ ದಿನ ವಾರ್ಡಿಗೆ ತಂದರು.

ಅಂದು ಮಧ್ಯಾಹ್ನ ನಾನು ಗಂಜಿ ತಿನ್ನಿಸುತ್ತಿದ್ದೆ. ಅವನ ದನಿ ಒಡೆದಿತ್ತು, ಪಿಸುಮಾತಿನಂತೆ ಕೇಳಿಸುತ್ತಿತ್ತು.

"ಅಕ್ಕ, ಬಾಗಿಲು ತೆರೆದ ಮೇಲೆ ಎಂತ ಆಯಿತು?"

ಯಾವ ಬಾಗಿಲು ಎಂದೆ.

"ಮುದುಕಿಯದ್ದು. ಹುಡುಗಿ ಇಬ್ಬನಿ ಅಂತ ಹೇಳಿದ ಕೂಡಲೆ ತೆರೆಯಿತಲ್ವಾ? ಮತ್ತಿನದ್ದು ನೆನಪಿಲ್ಲ ನನಗೆ."

ಚಮಚವನ್ನು ಬಟ್ಟಲಿನಲ್ಲಿಟ್ಟೆ. ಹಾಗೆಂದು ನಿನಗೆ ಯಾರು ಹೇಳಿದರು ಎಂದು ಕೇಳಿದೆ. "ನೀನೇ ಅಲ್ವಾ ಓದಿದ್ದು ಮಾರಾಯ್ತಿ" ಎಂದು ಅವನು ಕಣ್ಣು ಮುಚ್ಚಿಕೊಂಡ.

ತೀವ್ರ ನಿಗಾ ಘಟಕದ ಆ ನರ್ಸನ್ನು ಹುಡುಕಿ ಹೋಗಿ ಕೇಳಿದೆ, ಅಂದು ನಾನು ಗಾಬರಿಯಲ್ಲಿ ಏನಾದರೂ ಕೂಗಿದೆನೇ ಎಂದು. ಒಂದು ಮಾತೂ ಆಡಲಿಲ್ಲ, ತುಟಿ ಕಚ್ಚಿಕೊಂಡೇ ಹೋದಿರಿ ಎಂದಳು. ಹೊರಗೆ ಕೂತಾಗಲೂ ನನ್ನ ಬಾಯಿಂದ ಮಾತು ಹೊರಡಲಿಲ್ಲವೆಂದು ಅಮ್ಮ ಹೇಳಿದರು. ಎರಡನೆಯ ಭಾಗವನ್ನು ಪ್ರವೀಣ ಆಮೇಲೆ ತರಿಸಿ ಓದಿದ. ಅದರಲ್ಲಿ ಮುದುಕಿಯೂ ಇಲ್ಲ, ಹೆಸರೂ ಇಲ್ಲ. ನೀನು ಕಟ್ಟಿ ಹೇಳಿದ್ದೇ ಒಳ್ಳೆಯದಿತ್ತು ಎಂದು ಈಗಲೂ ಹೇಳುತ್ತಾನೆ. ಆ ಹೆಸರನ್ನು ಅಂದು ನಾನು ಬಾಯಿಬಿಟ್ಟು ಹೇಳಿಯೇ ಇರಲಿಲ್ಲ ಎಂಬ ನಿಜವನ್ನು ಅವನಿಗೆ ಹೇಳಿಲ್ಲ.

ಕಾಕತಾಳೀಯ ಎನ್ನಲೇ? ಲೋಕದಲ್ಲಿ ಸಾವಿರಾರು ಹೆಸರುಗಳಿರುವಾಗ ಅದೇ ಹೇಗೆ ಬಂತು ಎಂಬ ಲೆಕ್ಕ ನನಗೆ ಬಿಡಿಸಲು ಬಂದಿಲ್ಲ.

ಅವನು ಬಾಗಿಲಿನ ಮಾತು ಕೇಳಿದ ದಿನ ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದೆ. ನಮ್ಮ ಮಗುವಿಗೆ ಒಂದು ಹೆಸರು ಇಟ್ಟಿದ್ದೆ ಎಂದೆ. ಎಂತ ಹೆಸರು ಎಂದು ಅವರು ಮೆಲ್ಲನೆ ಕೇಳಿದರು. ಹೇಳಿದೆ. ನನ್ನ ಬಾಯಿಂದ ಆ ಹೆಸರು ಹೊರಬಿದ್ದದ್ದು ಅದೇ ಮೊದಲು.