ಎರಡು ಗೀರು, ಮೂರು ಗೀರು

ಟೀ ಲೋಟದ ಅಂಚಿಗೆ ನೊಣ ಕೂತರೆ ನೀವು ತಕ್ಷಣ ಓಡಿಸುತ್ತೀರಿ. ನಾನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಓಡಿಸುತ್ತೇನೆ. ಅಷ್ಟರಲ್ಲಿ ಟೀ ಆರಿರುತ್ತದೆ. ಮೊನ್ನೆ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲೂ ಹಾಗೇ ಆಯಿತು. ಮೈ ಹಸಿರಾಗಿ ಮಿನುಗುವ ನೊಣ. ನೋಡುತ್ತಾ ನೋಡುತ್ತಾ ಒಬ್ಬ ತಾಯಿ ನೆನಪಾದಳು.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಮೂವತ್ತೆರಡನೇ ವಯಸ್ಸಿಗೆ. ಆ ಕಾಗದ ಹಿಡಿದು, ಪೊಲೀಸರು ತಂದುಕೊಡುವ ವಸ್ತುಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಅಟೆಂಡರ್ ಆದೆ. ಅಲ್ಲಿನ ಮೇಡಮ್ ಅವರ ಕೆಲಸ, ಹೆಣದ ಮೇಲೆ ಸಿಕ್ಕ ಹುಳು ನೋಡಿ ಸತ್ತು ಎಷ್ಟು ದಿನವಾಯಿತೆಂದು ಹೇಳುವುದು. ಇದನ್ನು ಕೇಳಿದ ದಿನ ನಾನು ಊಟ ಬಿಟ್ಟಿದ್ದೆ.

ಒಂದು ಸೋಮವಾರ ಸಂಜೆ ಪೇದೆಯೊಬ್ಬ ಹುಳು ತುಂಬಿದ ಸೀಸೆ ತಂದ. ವಿರೂಪಾಕ್ಷಿಪುರದ ಕಡೆ, ರೇಷ್ಮೆ ಹುಳು ಸಾಕುವ ಮನೆಯೊಳಗೆ ಅದರ ಯಜಮಾನ ತಲೆ ಒಡೆದು ಸತ್ತು ಬಿದ್ದದ್ದು ಅವತ್ತೇ ಕಂಡಿತ್ತು.

"ಶುಕ್ರವಾರ ಅಣ್ತಮ್ಮಂದಿರು ಕಿತ್ತಾಡವ್ರೆ ಮೇಡಮ್. ಹುಳ ಎಷ್ಟ್ ಕೊಬ್ಬವೆ ನೋಡಿ. ಶುಕ್ರವಾರನೇ ಹೋಗವ್ನೆ. ತಮ್ಮನ್ನ ಕೂರಿಸ್ಕೊಂಡಿದೀವಿ."

ಆ ತಮ್ಮ ಶನಿವಾರ ಮುಂಜಾನೆಯ ಬಸ್ಸಿಗೇ ಕನಕಪುರಕ್ಕೆ ಮದುವೆಗೆ ಹೋಗಿದ್ದ. ಸೋಮವಾರದವರೆಗೂ ಅಲ್ಲೇ ಇದ್ದದ್ದನ್ನು ಛತ್ರದ ತುಂಬಾ ಜನ ಕಂಡಿದ್ದರು. ಸಾವು ಶುಕ್ರವಾರವೋ, ಆಮೇಲೋ? ಅವನ ಬದುಕು ಅಷ್ಟರ ಮೇಲೆ ನಿಂತಿತ್ತು.

ನಾನು ರೇಷ್ಮೆ ಮನೆಯಲ್ಲೇ ಬೆಳೆದವನು. ಸೀಸೆ ನೋಡಿದ್ದೇ ತಡ, ತಿಳಿದವನಂತೆ ಬಾಯಿ ಹಾಕಿದೆ. "ಇವು ಊಜಿ ಮರಿ ಮೇಡಮ್. ಹೆಣಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮನೇಲಿ ದಿನಾ ಗುಡ್ಸಿ ಸೋಪಿನ ನೀರಿಗೆ ಹಾಕ್ತೀವಿ."

ಊಜಿ ಎಂದರೆ ರೇಷ್ಮೆ ಹುಳುವಿನ ಮೇಲೆ ಮೊಟ್ಟೆಯಿಡುವ ನೊಣ. ಅದರ ಮರಿ ಹುಳುವನ್ನು ಒಳಗಿಂದ ತಿಂದು ನೆಲಕ್ಕಿಳಿಯುತ್ತದೆ. ಹೇಳಿ ಸುಮ್ಮನಿದ್ದೆನೇ? ಸೀಸೆ ಎತ್ತಿಕೊಂಡು ಸಿಂಕಿನ ಕಡೆ ಹೊರಟೇಬಿಟ್ಟಿದ್ದೆ.

"ಇಡಪ್ಪ ಕೆಳಗೆ," ಎಂದರು ಮೇಡಮ್. "ಒಬ್ಬರ ಮಗ ಲಾಕಪ್ಪಲ್ಲಿದಾನೆ."

ಮೈಕ್ರೋಸ್ಕೋಪಿನಡಿ ಒಂದೊಂದನ್ನೇ ಇಟ್ಟರು. ದಪ್ಪನೆಯವು ಊಜಿಯೇ. ಪೇದೆ ಹೆಣದ ಮೇಲಿನದನ್ನೂ ನೆಲದ ಮೇಲಿನದನ್ನೂ ಒಟ್ಟಿಗೆ ಬಳಿದು ತಂದಿದ್ದ. ನಡುವೆ ಸಣ್ಣವಿದ್ದವು, ಅವು ಬೇರೆ ಜಾತಿ, ಹೆಣಕ್ಕೆ ಮುತ್ತುವ ನೊಣದ ಮರಿ. ಪೇದೆ ಹೇಳಿದ್ದೂ ತಪ್ಪು, ನಾನು ಹೇಳಿದ್ದೂ ತಪ್ಪು.

"ಬಾ, ನೋಡು. ನೊಣದ ಮರಿ ಹಿಂದಗಡೆಯಿಂದ ಉಸಿರಾಡುತ್ತೆ. ಅಲ್ಲಿ ಎರಡು ಬಿಲ್ಲೆ ಇದಾವಲ್ಲ, ಒಂದೊಂದರಲ್ಲೂ ಎರಡು ಗೀರಿದ್ರೆ ಎರಡನೇ ಹಂತ, ಮೂರಿದ್ರೆ ಕೊನೇ ಹಂತ. ಶುಕ್ರವಾರ ಸತ್ತಿದ್ರೆ ಇಷ್ಟೊತ್ತಿಗೆ ಮೂರು ಬಂದಿರ್ಬೇಕು. ಎಣಿಸು."

ಕಣ್ಣಿಟ್ಟೆ. ಅಕ್ಕಿಕಾಳಿಗಿಂತ ಚಿಕ್ಕ ಜೀವದ ತುದಿಯಲ್ಲಿ ಜೇನುಬಣ್ಣದ ಎರಡು ಬಿಲ್ಲೆ, ಅಕ್ಕಸಾಲಿಗ ಕೆತ್ತಿದಷ್ಟು ನಯವಾದ ಗೀರು. ಎರಡು. ಉಸಿರು ಹಿಡಿದು ಮತ್ತೆ ಎಣಿಸಿದೆ. ಎರಡೇ. ಒಂದು ತರಗತಿ ದಾಟಲು ನನಗೆ ವರ್ಷಗಳು ಬೇಕಾದವು. ಇದು ಒಂದೊಂದು ದಿನದಲ್ಲಿ ಪಾಸಾಗಿ, ಸರ್ಟಿಫಿಕೇಟನ್ನು ಮೈಮೇಲೇ ಅಚ್ಚೊತ್ತಿಕೊಂಡು ಹೊರಟಿತ್ತು. ಅಸಹ್ಯಪಟ್ಟಿದ್ದ ನನ್ನ ಕಣ್ಣು ತುಂಬಿಬಂತು.

ಮೇಡಮ್ ಕೆಲವನ್ನು, ಮೈ ಹಸಿರಾಗಿ ಮಿನುಗುವ ನೊಣವಾಗುವವರೆಗೆ ಸಾಕಿ ಜಾತಿ ಖಾತ್ರಿ ಮಾಡಿಕೊಂಡರು. ಆ ಮನೆಯ ಸೆಕೆ ಎಷ್ಟಿತ್ತೆಂದು ವಿಚಾರಿಸಿ ಲೆಕ್ಕ ಹಾಕಿದರು. ಸಾವು ಶನಿವಾರ ಸಂಜೆಗಿಂತ ಮೊದಲಿನದಲ್ಲ. ಹುಳುವಿನ ತಟ್ಟೆ ಇಳಿಸುವ ಏಣಿಯಿಂದ ಜಾರಿ ಬಿದ್ದ ಪೆಟ್ಟು ಎಂದು ಕೊನೆಗೆ ಪೊಲೀಸರೇ ತೀರ್ಮಾನಿಸಿದರು.

ವರದಿ ಹೋದ ದಿನ ಆ ಅಣ್ಣತಮ್ಮಂದಿರ ತಾಯಿ ನಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

"ದೊಡ್ಡೋನು ಹೋದ. ಚಿಕ್ಕೋನೇ ಕೊಂದವ್ನೆ ಅಂತ ಊರೆಲ್ಲ ಅಂತದೆ. ನಂಗೂ ಹಂಗೇ ಅನ್ನುಸ್ಬುಟ್ಟಿತ್ತು ಕಣಪ್ಪ. ಆ ಹುಳನ ನೀನು ಕಣ್ಣಾರೆ ಕಂಡ್ಯಾ?"

"ಕಂಡೆ ಕಣವ್ವ. ಅದ್ರ ಮೈಮೇಲಿನ ಗೀರ ಎರಡ್ ಸಲ ಎಣಿಸ್ದೆ. ಶನಿವಾರ ನಿನ್ ದೊಡ್ ಮಗ ಇನ್ನೂ ಬದುಕಿದ್ದ."

ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು. "ಹಂಗಾರೆ ಬತ್ತೀನಿ. ಚಿಕ್ಕೋನಿಗೆ ಹಿಟ್ಟು ಬೇಯಿಸ್ಬೇಕು."

ಒಂದೊಂದೇ ಅಕ್ಷರ ಹುಡುಕಿ ಇದನ್ನು ಟೈಪ್ ಮಾಡುತ್ತಿರುವಾಗ ಹೆಂಡತಿ ಬಂದು, ನಮ್ಮ ಬೀದಿಯಲ್ಲಿ ಯಾರದೋ ಮೊಬೈಲು ಕಳುವಾಗಿದೆ, ಎದುರುಮನೆಯವನದೇ ಕೆಲಸವಂತೆ ಎಂದಳು. 'ಇರ್ಬೋದು' ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಯಾರು ಕಂಡೋರು?" ಎಂದೆ.

ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ.