ಅತ್ತಿಗೆ ಆರಿಸಿದ ಗೇರ್ ಆಯಿಲ್

ಗೇರ್ ಆಯಿಲ್ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಗಂಧಕ ಸುಟ್ಟಂಥ ಘಾಟು. ಒಮ್ಮೆ ಕೈಗೆ ಹತ್ತಿದರೆ ಸೀಗೆಪುಡಿಗೂ ಜಗ್ಗುವುದಿಲ್ಲ. ಈಗಷ್ಟೇ ಡಬ್ಬ ತೆರೆದೆ, ನಮ್ಮೂರು ಶೆಟ್ಟಿಕೆರೆಯ ಆ ಭಾನುವಾರ ಬಂದು ಮೂಗಿನಲ್ಲಿ ಕೂತಿತು.

ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಹಳೇ ವ್ಯಾನೊಂದನ್ನು ಓಡಿಸುತ್ತಿದ್ದರು. ಸುತ್ತಲ ತೋಟಗಳ ಕೊಬ್ಬರಿ ಮೂಟೆ ಹೇರಿಕೊಂಡು ತಿಪಟೂರಿಗೆ ಒಯ್ಯುವುದು ಅವರ ಕೆಲಸ. ಮದುವೆಯಾಗಿ ಬಂದಾಗ ಸೈಕಲ್ಲೂ ತುಳಿಯದಿದ್ದವರ ನಡಿಗೆಯ ಗತ್ತೇ ಸ್ಟೇರಿಂಗ್ ಹಿಡಿದ ಮೇಲೆ ಬೇರೆಯಾಗಿತ್ತು. ಆ ವರ್ಷ ವ್ಯಾನಿನ ಹಿಂದಿನಿಂದ ಊಳಿಡುವ ಸದ್ದು ಶುರುವಾಯಿತು. ಹಿಂದಿನ ಚಕ್ರಗಳ ನಡುವೆ ಗುಂಡನೆಯ ಡಬ್ಬಿಯಿರುತ್ತದಲ್ಲ, ಡಿಫರೆನ್ಷಿಯಲ್ಲು, ಅದರ ಗೋಳು. ಮೆಕ್ಯಾನಿಕ್ಕು ಗಾಡಿ ಕೆಳಗೆ ಬಗ್ಗದೆಯೇ, "ಒಳಗೆ ಗೇರಿನ ಹಲ್ಲು ಹೋಗವೆ ಕಣಕ್ಕ. ನೂರಾನಲವತ್ತು ನಂಬರಿನ ಗಟ್ಟಿ ಆಯಿಲ್ ಹುಯ್ದು ಸದ್ದು ಅಡಗಿಸ್ತೀನಿ, ಯಾರಿಗಾದ್ರೂ ಮಾರ್ಬುಡಿ" ಅಂದ. ಸದ್ದು ಮುಚ್ಚಿ ಮಾರುವುದು ಮೋಸವೆಂದು ಅಣ್ಣ ಸೋಮವಾರಕ್ಕೆ ಗುಜರಿಯವನನ್ನೇ ಕರೆದ. ನಾನೂ ಪಕ್ಕದಲ್ಲಿ ನಿಂತು ಹೂಂಗುಟ್ಟಿದೆ. ವ್ಯಾನಿನ ಬಗ್ಗೆ ನನಗಿದ್ದ ಜ್ಞಾನವೆಂದರೆ ಹಾರ್ನ್ ಎಲ್ಲಿದೆ ಎಂಬುದಷ್ಟೇ.

"ಬಿಚ್ಚಿ ನೋಡ್ದೆ ಗುಜರಿಗೆ ಹಾಕಕ್ಕೆ ನಾನು ಒಪ್ಪಲ್ಲ" ಅಂದರು ಅತ್ತಿಗೆ. ಗಾಡಿಯ ಜತೆ ಬಂದಿದ್ದ ಪುಸ್ತಕ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ಓದಿ, ಅದರಲ್ಲಿ ಹೇಳಿದ್ದ ತೊಂಬತ್ತು ನಂಬರಿನ ತೆಳು ಆಯಿಲನ್ನೇ ತಂದರು. "ನಂಗೆ ಸದ್ದು ಮುಚ್ಚೋ ಎಣ್ಣೆ ಬ್ಯಾಡ, ಹಲ್ಲು ಉಳ್ಸೋ ಎಣ್ಣೆ ಬೇಕು."

ಭಾನುವಾರ ಬೆಳಿಗ್ಗೆ ನಾನು ಮಹಾ ಉತ್ಸಾಹದಿಂದ ಗಾಡಿ ಕೆಳಗೆ ತೂರಿ ತಳದ ಬೋಲ್ಟಿಗೆ ಕೈಹಾಕಿದೆ.

"ತಡಿಯಪ್ಪಾ! ಮೊದ್ಲು ಮೇಲಿನ ಬೋಲ್ಟ್ ಬಿಚ್ಚು. ಅದು ಬರ್ದೆ ಹೋದ್ರೆ ಹೊಸ ಎಣ್ಣೆ ಎಲ್ಲಿಂದ ಹುಯ್ತೀಯ?"

ಅದು ತುಕ್ಕು ಹಿಡಿದು ಕೂತಿತ್ತು. ಸ್ಪ್ಯಾನರಿಗೆ ನೀರಿನ ಪೈಪಿನ ತುಂಡು ಸಿಕ್ಕಿಸಿ ಇಬ್ಬರೂ ಜೋತುಬಿದ್ದೆವು. ಕಿರ್ರೆಂದು ಬಿಟ್ಟುಕೊಂಡಿತು. ತಳದ್ದನ್ನು ಬಿಚ್ಚಿದರೆ ಕಾಡಿಗೆಯಂಥ ಎಣ್ಣೆ, ಬರೀ ಒಂದು ಲೋಟದಷ್ಟು, ಹಳೇ ಬಾಣಲೆಗೆ ಇಳಿಯಿತು. ಅತ್ತಿಗೆ ಬಟ್ಟೆಯಲ್ಲಿ ಸೋಸಿ ಬೆರಳಾಡಿಸಿದರು. ನುಣ್ಣನೆಯ ಕಬ್ಬಿಣದ ಪುಡಿ. ಮುರಿದ ಚೂರು ಒಂದೂ ಇಲ್ಲ.

"ಹಲ್ಲು ಎಲ್ಲೂ ಹೋಗಿಲ್ಲ ಕಣಪ್ಪ. ಎಣ್ಣೆಯಿಲ್ದೆ ಒಣಗಿತ್ತು ಅಷ್ಟೇ." ಅಂದು ಬೆರಳು ಒರೆಸಿಕೊಂಡರು.

ತಳದ ಬೋಲ್ಟ್ ಬಿಗಿದು, ಮೇಲಿನ ತೂತಿನಿಂದ ತುಳುಕುವವರೆಗೆ ಹೊಸದನ್ನು ತುಂಬಿದೆವು. ಸೋಮವಾರ ಗುಜರಿಯವನು ಬಂದಾಗ ಅಂಗಳದಲ್ಲಿ ವ್ಯಾನೇ ಇರಲಿಲ್ಲ. ಅತ್ತಿಗೆ ಮೂಟೆ ಹೇರಿಕೊಂಡು ತಿಪಟೂರಿಗೆ ಹೊರಟುಹೋಗಿದ್ದರು. ಸದ್ದು ಪೂರ್ತಿ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಗಾಡಿ ಮಾತ್ರ ನಿಲ್ಲಲಿಲ್ಲ.

ಈಗ ಅತ್ತಿಗೆಗೆ ಭುಜದ ನೋವು. ಓಡಿಸುವುದು ಇನ್ನೂ ಅವರೇ. ಎಣ್ಣೆ ಬದಲಿಸುವುದು ನನ್ನ ಪಾಲಿಗೆ ಬಂದಿದೆ. ಗಾಡಿ ಕೆಳಗೆ ಅಂಗಾತ ಮಲಗಿದ್ದೇನೆ. ಅಣ್ಣ ಬಂದು ಬಗ್ಗಿ, "ಇನ್ನೆಷ್ಟು ದಿನ ಓಡುತ್ಲಾ ಇದು?" ಅಂದ.

"ಬಾಣ್ಲೆ ಇತ್ಲಾಗೆ ಸರ್ಸಣ್ಣ" ಅಂದೆ.

ಅಣ್ಣ ಪಂಚೆ ಎತ್ತಿಕಟ್ಟಿ ನೆಲಕ್ಕೆ ಕೂತು ಬಾಣಲೆ ನನ್ನತ್ತ ತಳ್ಳಿದ.