ಒಂದು ಟ್ರ್ಯಾಕ್ಟರು, ಎರಡು ದಂಡ

ತೊಂಬತ್ತರ ದಶಕದ ನಡುವೆ ನಾನು ಶಹಾಪುರದ ನ್ಯಾಯಾಲಯದಲ್ಲಿ ನಾಜರ್ ಆಗಿದ್ದೆ. ನ್ಯಾಯಾಧೀಶರು ವಿಧಿಸಿದ ದಂಡವನ್ನು ಎಣಿಸಿಕೊಂಡು ರಸೀದಿ ಕೊಡುವವನೇ ನಾಜರ್. ಕಾಲುವೆ ನೀರು ಬಂದು ಭೀಮರಾಯನಗುಡಿಯ ಸುತ್ತ ಭತ್ತ ಕಾಣಿಸಿಕೊಂಡ ಕಾಲವದು. ನೀರಿನ ಹಿಂದೆ ಟ್ರ್ಯಾಕ್ಟರುಗಳು ಬಂದವು, ಅವುಗಳ ಹಿಂದೆ ಕುಡಿದು ಓಡಿಸಿದ ಕೇಸುಗಳೂ ಬಂದವು.

ಒಂದು ಸೋಮವಾರ ಮಲ್ಲಪ್ಪ ಎಂಬ ರೈತನಿಗೆ ಶಿಕ್ಷೆಯಾಯಿತು. ಕುಡಿದ ಅಮಲಿನಲ್ಲಿ ಟ್ರ್ಯಾಕ್ಟರನ್ನು ಹೊಲಗಾಲುವೆಯ ಒಡ್ಡಿಗೆ ಗುದ್ದಿದ್ದ, ತಪ್ಪನ್ನೂ ಒಪ್ಪಿಕೊಂಡಿದ್ದ. ಮೋಟಾರು ವಾಹನ ಕಾಯ್ದೆಯ ೧೮೫ನೇ ಕಲಮಿನಡಿ ಮೊದಲ ಸಲದ ಅಪರಾಧಕ್ಕೆ ಆಗ ಇದ್ದ ಗರಿಷ್ಠ ದಂಡ ಎರಡು ಸಾವಿರ ರೂಪಾಯಿ. ಅಷ್ಟನ್ನೂ ಹಾಕಿದ್ದರು. ಕಟ್ಟದಿದ್ದರೆ ಹದಿನೈದು ದಿನ ಜೈಲು. ಮರುದಿನ ಬೆಳಿಗ್ಗೆ ಅವನ ಹೊಲಕ್ಕೆ ನೀರಿನ ಪಾಳಿ. ಅದು ತಪ್ಪಿದರೆ ಹಚ್ಚಿದ ನಾಟಿ ಒಣಗುತ್ತಿತ್ತು. ಹೆಂಡತಿ ಶಾಂತವ್ವನ ಸೆರಗಿನ ಗಂಟಿನಲ್ಲಿ ಹಣ ಇತ್ತು. ಐದು ನಿಮಿಷದ ಕೆಲಸ ಅಂದುಕೊಂಡೆ.

“ನಾ ದಂಡ ಆಗ್ಲೇ ಕಟ್ಟೀನ್ರಿ,” ಅಂದ ಮಲ್ಲಪ್ಪ.

“ರಸೀದಿ ಎಲ್ಲೈತಿ?”

“ಊರಾಗ ಹಿರಿಯರ ಮುಂದ ಕಟ್ಟೀನ್ರಿ. ಹತ್ತು ಮಂದಿ ನೋಡ್ಯಾರ. ಒಂದ ತಪ್ಪಿಗೆ ಎರಡು ದಂಡ ಎಲ್ಲೈತ್ರಿ?”

ಒಡ್ಡು ಒಡೆದವರಿಗೆ ಊರ ಹಿರಿಯರು ದಂಡ ಹಾಕುವುದು ನೀರು ಬಂದ ಮೇಲೆ ಬೆಳೆದ ರೂಢಿ. ಕಟ್ಟಿದ ಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ತಪ್ಪು ಒಪ್ಪುವೆಯಾ ಎಂದು ನ್ಯಾಯಾಧೀಶರು ಕೇಳಿದಾಗ ಇವನು ಧೈರ್ಯವಾಗಿ ಹೌದು ಅಂದದ್ದೂ ಎಲ್ಲ ಮುಗಿದಿದೆ ಎಂಬ ನಂಬಿಕೆಯಿಂದಲೇ. ನಾನು ಕಲಮು ಹೇಳಿದೆ, ಸರ್ಕಾರ ಬೇರೆ ಊರು ಬೇರೆ ಎಂದೆ, ಕೊನೆಗೆ ಗದರಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಇಲ್ಲಿ ಕಟ್ಟಿದರೆ ಹಿರಿಯರ ಮಾತು ಸುಳ್ಳು ಮಾಡಿದಂತೆ, ಜೈಲಿಗೇ ಹೋಗುತ್ತೇನೆ ಎಂದು ಕೂತುಬಿಟ್ಟ. ಹೊತ್ತು ಇಳಿಯುತ್ತಿತ್ತು, ಪೊಲೀಸರು ಬಾಗಿಲಲ್ಲಿ ಕಾಯುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗಂಡ ಹೂಂ ಅನ್ನಲೆಂದು ಅಷ್ಟು ಹೊತ್ತು ಗೋಡೆಗೆ ಒರಗಿ ಕಾದಿದ್ದ ಶಾಂತವ್ವ ಮುಂದೆ ಬಂದು ಅವನಿಗೆ ಹೇಳಿದಳು: “ಊರಾಗ ಕಟ್ಟಿದ್ದು ಒಡ್ಡು ಒಡದದ್ದಕ್ಕ. ಕುಡದದ್ದಕ್ಕ ಇನ್ನತನಕ ನಿನಗ ಯಾರೂ ದಂಡ ಹಾಕಿಲ್ಲ. ನಾನೂ ಹಾಕಿಲ್ಲ.”

ಮಲ್ಲಪ್ಪ ತಲೆ ತಗ್ಗಿಸಿದ. ಆಕೆ ಗಂಟು ಬಿಚ್ಚಿದಳು. ಎಲ್ಲ ಹತ್ತು, ಇಪ್ಪತ್ತರ ಮೆತ್ತಗಾದ ನೋಟುಗಳು.

“ಇದ್ಯಾವ ರೊಕ್ಕವ್ವ?” ಎಂದೆ.

“ಮಂದಿ ಹೊಲದಾಗ ನಾಟಿ ಹಚ್ಚಿದ ಕೂಲಿರಿ. ಎಣಿಸ್ಕೋರಿ.”

ರಸೀದಿಯನ್ನು ಮಲ್ಲಪ್ಪನ ಹೆಸರಿಗೇ ಬರೆದೆ. ಕುಡಿದವನು ಅವನು, ಕಟ್ಟಿದವಳು ಅವಳು; ಆಕೆಯ ಹೆಸರಿಗೆ ಅಲ್ಲಿ ಜಾಗವೇ ಇರಲಿಲ್ಲ. ಅವನ ಮೇಲಿದ್ದ ಸಿಟ್ಟೆಲ್ಲ ನನ್ನ ಕೆಲಸದ ಮೇಲೆ ತಿರುಗಿತು. ದಂಡ ಹಾಕುವುದು ಸುಲಭ, ಅದು ತಪ್ಪು ಮಾಡಿದವನಿಗೇ ತಟ್ಟುವಂತೆ ಮಾಡುವುದು ನಮ್ಮ ಕೈಯಲ್ಲಿಲ್ಲ. ನೌಕರಿ ನನಗೆ ಕಲಿಸಿದ್ದು ಇದನ್ನು.

ಆಮೇಲೆ ಕುಡಿತದ ಕೇಸಿನವರು ಬಂದಾಗಲೆಲ್ಲ ಇದು ಯಾರ ದುಡಿಮೆ ಎಂದು ಕೇಳುತ್ತಿದ್ದೆ. ಹಾಗೆ ಕೇಳುವ ಅಧಿಕಾರ ನನಗಿರಲಿಲ್ಲ. ಬಹಳ ಮಂದಿ ಹಿಂದೆ ತಿರುಗಿ ಹೆಂಡತಿಯ ಮುಖ ನೋಡುತ್ತಿದ್ದರು. ನಾನು ಎಣಿಸಿಕೊಂಡು ರಸೀದಿ ಹರಿದು ಕೊಡುತ್ತಿದ್ದೆ.